ಅಲಂಕಾರವೂ ಸತ್ಯವ್ರತವೂ

ಪರೀಕ್ಷೆಗೆ ಮುಂಚಿನ ವಾರಗಳಲ್ಲಿ ಪ್ರೌಢಶಾಲೆಯ ಇಂಗ್ಲಿಷ್ ತರಗತಿಯಲ್ಲಿ ಒಂದು ಪುನರಾವರ್ತನೆ ನಡೆಯುವುದುಂಟು. ಅಧ್ಯಾಪಕರು ಹಲಗೆಯ ಮೇಲೆ ಸಿಮಿಲಿ, ಮೆಟಫರ್, ಪರ್ಸಾನಿಫಿಕೇಶನ್, ಹೈಪರ್ಬೊಲಿ, ಐರನಿ, ಯೂಫೆಮಿಸಮ್, ರೆಟರಿಕಲ್ ಕ್ವೆಶ್ಚನ್ ಎಂಬ ಹೆಸರುಗಳನ್ನು ಒಂದರ ಕೆಳಗೊಂದು ಬರೆಯುತ್ತಾರೆ. ವಿದ್ಯಾರ್ಥಿಗಳು ಪ್ರತಿಯೊಂದಕ್ಕೂ ಲಕ್ಷಣವನ್ನೂ ಉದಾಹರಣೆಯನ್ನೂ ಬರೆದುಕೊಳ್ಳುತ್ತಾರೆ. ‘ಅಂತೆ’, ‘ಹಾಗೆ’ ಎಂಬ ಅರ್ಥದ ಪದವಿಟ್ಟು ಹೋಲಿಸಿದರೆ ಸಿಮಿಲಿ, ಎಂದರೆ ಉಪಮೆ. ಆ ಪದವಿಲ್ಲದೆ ಒಂದು ವಸ್ತುವನ್ನು ಮತ್ತೊಂದೆಂದೇ ಹೇಳಿದರೆ ಮೆಟಫರ್, ಎಂದರೆ ರೂಪಕ. ಇದ್ದುದನ್ನು ಮಿತಿಮೀರಿ ಹಿಗ್ಗಿಸಿದರೆ ಹೈಪರ್ಬೊಲಿ, ಎಂದರೆ ಅತಿಶಯೋಕ್ತಿ. ಹೆಸರನ್ನು ಸರಿಯಾಗಿ ಗುರುತಿಸಿದರೆ ಅಂಕ ದೊರೆಯುತ್ತದೆ. ಪಾಠ ಅಲ್ಲಿಗೆ ಮುಗಿಯುತ್ತದೆ.

ಜೈನ ಮನೆಯ ಮಗು ಈ ಪಾಠವನ್ನು ಕಲಿಯುವಾಗ ಒಂದು ಸಂದೇಹ ಹುಟ್ಟಿದರೆ ಅದನ್ನು ಹಿರಿಯರು ನಕ್ಕು ತಳ್ಳಿಹಾಕಬಾರದು. ಭಾನುವಾರದ ಪಾಠಶಾಲೆಯಲ್ಲಿ ಸತ್ಯಾಣುವ್ರತದ ಬೋಧೆಯಾಗುತ್ತದೆ. ಇದ್ದುದನ್ನು ಇದ್ದಂತೆ ಹೇಳು ಎಂದು ಕಲಿಸಲಾಗುತ್ತದೆ. ಸೋಮವಾರ ಶಾಲೆಯಲ್ಲಿ ಅದೇ ಮಗು, ಕಣ್ಣೀರು ಹೊಳೆಯಾಗಿ ಹರಿಯಿತು ಎಂದು ಬರೆದು ಅಂಕ ಪಡೆಯುತ್ತದೆ. ಹೊಳೆ ಹರಿಯಲಿಲ್ಲವಲ್ಲ? ಈ ಸಂದೇಹಕ್ಕೆ ಶಾಸ್ತ್ರದಲ್ಲಿಯೇ ಆಧಾರವಿದೆ. ಅಮೃತಚಂದ್ರಾಚಾರ್ಯರು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಅಸತ್ಯವನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ. ಇದ್ದುದನ್ನು ಇಲ್ಲವೆನ್ನುವುದು ಮೊದಲನೆಯದು, ಇಲ್ಲದುದನ್ನು ಇದೆಯೆನ್ನುವುದು ಎರಡನೆಯದು, ಒಂದನ್ನು ಮತ್ತೊಂದೆನ್ನುವುದು ಮೂರನೆಯದು. ನಿಂದ್ಯವೂ ಪಾಪಯುಕ್ತವೂ ಅಪ್ರಿಯವೂ ಆದ ಮಾತು ನಾಲ್ಕನೆಯದು. ಮೂರನೆಯದಕ್ಕೆ ಅವರು ಕೊಡುವ ನಿದರ್ಶನ ಆಕಳನ್ನು ಕುದುರೆಯೆನ್ನುವುದು. ಹಾಗಾದರೆ ಮುಖವನ್ನು ಚಂದ್ರನೆನ್ನುವ ರೂಪಕಕ್ಕೂ ಆಕಳನ್ನು ಕುದುರೆಯೆನ್ನುವ ಸುಳ್ಳಿಗೂ ಅಂತರವೇನು?

ಜೈನ ಪರಂಪರೆ ಅಲಂಕಾರದಿಂದ ದೂರ ನಿಂತದ್ದಲ್ಲ. ಕನ್ನಡದಲ್ಲಿ ಇಂದು ದೊರೆತಿರುವ ಗ್ರಂಥಗಳಲ್ಲಿ ಮೊದಲನೆಯದಾದ, ಸುಮಾರು ಕ್ರಿ.ಶ. 850ರ ‘ಕವಿರಾಜಮಾರ್ಗ’ ಅಲಂಕಾರಗ್ರಂಥವೇ ಆಗಿದೆ. ಅದು ಜಿನಭಕ್ತನಾದ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿತು. ಅದರ ಮೊದಲ ಪರಿಚ್ಛೇದ ದೋಷಾದೋಷಗಳನ್ನು ವಿವೇಚಿಸುತ್ತದೆ. ಶಬ್ದಾಲಂಕಾರ ಎರಡನೆಯದರಲ್ಲಿ, ಅರ್ಥಾಲಂಕಾರ ಮೂರನೆಯದರಲ್ಲಿ ಬರುತ್ತವೆ. ಗುಜರಾತಿನಲ್ಲಿ ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರು ‘ಕಾವ್ಯಾನುಶಾಸನ’ವನ್ನು ಬರೆದರು. ಮಹಾವ್ರತಿಗಳಾದ ಆಚಾರ್ಯರೇ ಅಲಂಕಾರಶಾಸ್ತ್ರವನ್ನು ರಚಿಸಿರುವಾಗ, ಅಲಂಕಾರವೆಲ್ಲ ಅಸತ್ಯವೆಂಬ ಮಾತು ನಿಲ್ಲಲಾರದು.

ಇದಕ್ಕೆ ಶಾಸ್ತ್ರೀಯ ಸಮಾಧಾನವೂ ಉಂಟು. ಹತ್ತನೆಯ ಶತಮಾನದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ‘ಗೊಮ್ಮಟಸಾರ’ದ ಜೀವಕಾಂಡದಲ್ಲಿ ಸತ್ಯವಚನವನ್ನು ಹತ್ತು ಬಗೆಯಾಗಿ ಹೇಳಿದೆ: ಜನಪದ, ಸಮ್ಮತಿ, ಸ್ಥಾಪನಾ, ನಾಮ, ರೂಪ, ಪ್ರತೀತ್ಯ, ವ್ಯವಹಾರ, ಸಂಭಾವನಾ, ಭಾವ ಮತ್ತು ಉಪಮಾ. ಒಂದೇ ಅನ್ನವನ್ನು ಒಂದೊಂದು ದೇಶದವರು ಒಂದೊಂದು ಹೆಸರಿನಿಂದ ಕರೆದರೂ ಎಲ್ಲರ ಮಾತೂ ಸತ್ಯ, ಇದು ಜನಪದಸತ್ಯ. ಬಸದಿಯ ಶಿಲಾಬಿಂಬವನ್ನು ಚಂದ್ರಪ್ರಭಸ್ವಾಮಿ ಎನ್ನುವುದು ಸ್ಥಾಪನಾಸತ್ಯ. ಜಿನನು ಕೊಟ್ಟವನಲ್ಲದಿದ್ದರೂ ಒಬ್ಬನನ್ನು ಜಿನದತ್ತನೆಂದು ಕರೆಯುವುದು ನಾಮಸತ್ಯ. ಒಲೆಯ ಮೇಲೆ ಇರುವುದು ಇನ್ನೂ ಅಕ್ಕಿಯೇ ಆದರೂ ಅನ್ನ ಬೇಯುತ್ತಿದೆ ಎನ್ನುವುದು ವ್ಯವಹಾರಸತ್ಯ. ಇಂದ್ರನು ಜಂಬೂದ್ವೀಪವನ್ನೇ ಮಗುಚಬಲ್ಲನೆಂದು ಅವನ ಶಕ್ತಿಯನ್ನು ಸೂಚಿಸುವುದು ಸಂಭಾವನಾಸತ್ಯ. ಪಲ್ಯೋಪಮ, ಸಾಗರೋಪಮ ಎಂದು ಎಣಿಕೆಗೆ ನಿಲುಕದ ಕಾಲವನ್ನು ಹೋಲಿಕೆಯಿಂದ ತಿಳಿಸುವುದು ಉಪಮಾಸತ್ಯ. ಇಂಗ್ಲಿಷ್ ಅಧ್ಯಾಪಕರ ಹಲಗೆಯ ಮೇಲಿರುವ ಸಿಮಿಲಿ ಹತ್ತನೆಯದಕ್ಕೆ ಸಲ್ಲುತ್ತದೆ. ಹೈಪರ್ಬೊಲಿ ಎಂಟನೆಯದಕ್ಕೆ ಬಹುಮಟ್ಟಿಗೆ ಹತ್ತಿರವಾಗಿದೆ.

ಈ ಹತ್ತರಲ್ಲಿಯೂ ಮಾತಿನ ಅಕ್ಷರಾರ್ಥಕ್ಕೂ ವಸ್ತುಸ್ಥಿತಿಗೂ ಅಂತರವಿರಬಹುದು. ಆದರೆ ಹೇಳುವವನಿಗೂ ಕೇಳುವವನಿಗೂ ಆ ಅಂತರ ತಿಳಿದಿರುತ್ತದೆ. ಮುಖವನ್ನು ಚಂದ್ರನೆಂದಾಗ ಯಾರೂ ಮೋಸಹೋಗುವುದಿಲ್ಲ. ದನದ ಜಾತ್ರೆಯಲ್ಲಿ ಮುದಿ ಎತ್ತನ್ನು ಹೋರಿಯೆಂದಾಗ ಕೊಳ್ಳುವವನು ಮೋಸಹೋಗುತ್ತಾನೆ. ಎರಡೂ ಒಂದನ್ನು ಮತ್ತೊಂದೆನ್ನುವ ಮಾತುಗಳೇ. ಭೇದವಿರುವುದು ವಾಕ್ಯದ ಆಕಾರದಲ್ಲಲ್ಲ, ಆಡುವವನ ಅಂತರಂಗದಲ್ಲಿ ಮತ್ತು ಕೇಳುವವನ ಮೇಲೆ ಆಗುವ ಪರಿಣಾಮದಲ್ಲಿ. ಆದುದರಿಂದಲೇ ಉಮಾಸ್ವಾಮಿಗಳ ‘ತತ್ತ್ವಾರ್ಥಸೂತ್ರ’ವನ್ನು ವ್ಯಾಖ್ಯಾನಿಸಿದವರು ಪ್ರಮತ್ತಯೋಗದಿಂದ, ಎಂದರೆ ಕಷಾಯಕ್ಕೆ ವಶವಾದ ಮನೋವಾಕ್ಕಾಯಗಳ ಪ್ರವೃತ್ತಿಯಿಂದ, ಆಡಿದ ಮಾತನ್ನು ಅಸತ್ಯವೆಂದರು. ಪೂಜ್ಯಪಾದರು ಇನ್ನೂ ಮುಂದೆ ಹೋಗಿ, ಪ್ರಾಣಿಗಳಿಗೆ ಪೀಡೆಯನ್ನುಂಟುಮಾಡುವ ಮಾತು ಇದ್ದ ಸಂಗತಿಯನ್ನೇ ಹೇಳಿದರೂ ಅಪ್ರಶಸ್ತವೆಂದು ವಿವರಿಸಿದರು.

ಅಲಂಕಾರಕ್ಕೆ ಶಾಸ್ತ್ರದ ಅನುಮತಿ ಇದೆಯೆಂದ ಮಾತ್ರಕ್ಕೆ ಪ್ರಶ್ನೆ ಮುಗಿಯಲಿಲ್ಲ. ಸತ್ಯವ್ರತವನ್ನು ದೃಢಪಡಿಸುವ ಐದು ಭಾವನೆಗಳನ್ನು ಅದೇ ಸೂತ್ರಗ್ರಂಥ ಹೇಳುತ್ತದೆ: ಕ್ರೋಧತ್ಯಾಗ, ಲೋಭತ್ಯಾಗ, ಭಯತ್ಯಾಗ, ಹಾಸ್ಯತ್ಯಾಗ ಮತ್ತು ವಿಚಾರಿಸಿ ಆಡುವ ಅನುವೀಚಿಭಾಷಣ. ಮನುಷ್ಯನು ಸುಳ್ಳಾಡುವುದು ಈ ನಾಲ್ಕು ಬಾಗಿಲುಗಳಿಂದ ಎಂಬುದು ಪೂರ್ವಾಚಾರ್ಯರ ಅನುಭವ. ಇಂಗ್ಲಿಷ್ ತರಗತಿಯ ಪಟ್ಟಿಯನ್ನು ಈ ನಾಲ್ಕರ ಎದುರಿಗಿಟ್ಟು ನೋಡಿದರೆ, ಅಲಂಕಾರ ಎಲ್ಲಿ ನಿರ್ದೋಷ, ಎಲ್ಲಿ ಸದೋಷ ಎಂಬುದು ಸ್ಪಷ್ಟವಾಗುತ್ತದೆ.

ಮೊದಲು ಲೋಭವನ್ನು ನೋಡೋಣ. ಅತಿಶಯೋಕ್ತಿ ಕಾವ್ಯದಲ್ಲಿ ಭೂಷಣ. ಅಂಗಡಿಯಲ್ಲಿ ಅದರ ಗತಿ ಬೇರೆ. ವಾಣಿಜ್ಯ ಪದವಿಗೆ ಓದುವವರು ವ್ಯಾಪಾರಿ ಕಾನೂನಿನಲ್ಲಿ ಇಂಗ್ಲೆಂಡಿನ ಕಾರ್ಲಿಲ್ ಮೊಕದ್ದಮೆಯನ್ನು ಓದುತ್ತಾರೆ. 1891ರಲ್ಲಿ ಕಾರ್ಬಾಲಿಕ್ ಸ್ಮೋಕ್ ಬಾಲ್ ಕಂಪನಿ ಒಂದು ಜಾಹೀರಾತು ಕೊಟ್ಟಿತು. ತನ್ನ ಔಷಧದ ಉಂಡೆಯನ್ನು ದಿನಕ್ಕೆ ಮೂರು ಸಲದಂತೆ ಎರಡು ವಾರ ಬಳಸಿದ ಮೇಲೂ ಇನ್‌ಫ್ಲುಯೆಂಜಾ ಬಂದವರಿಗೆ 100 ಪೌಂಡ್ ಕೊಡುವುದಾಗಿಯೂ, ಅದಕ್ಕಾಗಿ ಬ್ಯಾಂಕಿನಲ್ಲಿ 1000 ಪೌಂಡ್ ಠೇವಣಿ ಇಟ್ಟಿರುವುದಾಗಿಯೂ ಅದರಲ್ಲಿತ್ತು. ಶ್ರೀಮತಿ ಕಾರ್ಲಿಲ್ ಅದನ್ನು ಹೇಳಿದಂತೆ ಬಳಸಿದರು. ಆದರೂ ಜ್ವರ ಬಂದಿತು. ಹಣ ಕೇಳಿದಾಗ ಕಂಪನಿಯ ವಕೀಲರು, ಅದು ಬರಿಯ ಬಡಾಯಿಯ ಮಾತು, ಅದನ್ನು ಯಾರೂ ಅಕ್ಷರಶಃ ತೆಗೆದುಕೊಳ್ಳಬಾರದು ಎಂದು ವಾದಿಸಿದರು. ಎಂದರೆ, ನಮ್ಮದು ಹೈಪರ್ಬೊಲಿ ಎಂಬುದೇ ಅವರ ಸಮರ್ಥನೆಯಾಗಿತ್ತು. 1892ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಠೇವಣಿಯ ಮಾತನ್ನು ಹೇಳಿ ಜನರಲ್ಲಿ ನಂಬಿಕೆ ಹುಟ್ಟಿಸಿದ ಮೇಲೆ ಅದನ್ನು ಅಲಂಕಾರವೆಂದು ಹಿಂದೆಗೆದುಕೊಳ್ಳುವಂತಿಲ್ಲವೆಂಬುದು ತೀರ್ಪಿನ ಸಾರ. ಭಾರತದಲ್ಲಿಯೂ 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ದಾರಿತಪ್ಪಿಸುವ ಜಾಹೀರಾತಿಗೆ ಪ್ರತ್ಯೇಕವಾದ ವ್ಯಾಖ್ಯೆಯನ್ನು ಕೊಟ್ಟಿದೆ.

ಕಾನೂನು ಅಲ್ಲಿಗೆ ನಿಲ್ಲುತ್ತದೆ. ವ್ರತ ಅದಕ್ಕಿಂತ ಸೂಕ್ಷ್ಮವಾದುದು. ಬಟ್ಟೆಯ ವ್ಯಾಪಾರಿ ಪಂಚೆಯನ್ನು ತೋರಿಸಿ ಹಾಲಿನಂಥ ಬಿಳುಪು ಎಂದರೆ ಅದು ಉಪಮೆ. ವಸ್ತು ಕಣ್ಣೆದುರಿಗೇ ಇದೆ. ‘ಅಸಲಿಗೇ ಕೊಡುತ್ತಿದ್ದೇನೆ’ ಎಂದರೆ? ಇಪ್ಪತ್ತು ವರ್ಷ ಅದೇ ಅಂಗಡಿಯಲ್ಲಿ ವ್ಯವಹರಿಸಿದ ಗಿರಾಕಿ ಅದನ್ನು ಕೇಳಿ ನಕ್ಕು ಚೌಕಾಸಿ ಮಾಡುತ್ತಾನೆ. ಅವನಿಗೆ ಅದು ಮಾತಿನ ರೂಢಿ. ಮಗಳ ಮದುವೆಗೆಂದು ಹಳ್ಳಿಯಿಂದ ಮೊದಲ ಸಲ ಬಂದ ತಾಯಿ ಅದನ್ನು ನಂಬಿ ಹಣ ಎಣಿಸುತ್ತಾಳೆ. ವಾಕ್ಯ ಒಂದೇ. ಒಬ್ಬನ ಪಾಲಿಗೆ ಅಲಂಕಾರವಾದುದು ಇನ್ನೊಬ್ಬಳ ಪಾಲಿಗೆ ಅಸತ್ಯವಾಗುತ್ತದೆ. ಅವಳು ತಿಳಿದುಕೊಳ್ಳಬೇಕಾಗಿತ್ತು ಎನ್ನುವುದು ಶ್ರಾವಕನ ಉತ್ತರವಾಗಲಾರದು. ಎದುರಿಗಿರುವವರಲ್ಲಿ ಯಾರು ಅಕ್ಷರಶಃ ನಂಬುವರೋ ಅವರನ್ನು ಲಕ್ಷಿಸಿ ಮಾತನಾಡುವುದೇ ಅವನ ಕರ್ತವ್ಯ.

ಎರಡನೆಯದು ಭಯ. ಕಠೋರವಾದುದನ್ನು ಮೃದುವಾದ ಪದದಿಂದ ಹೇಳುವುದು ಯೂಫೆಮಿಸಮ್. ಇದು ಕನ್ನಡಿಗರಿಗೆ ಹೊಸದಲ್ಲ. ಹೊರಡುವವರು ಹೋಗುತ್ತೇನೆ ಎನ್ನದೆ ಹೋಗಿ ಬರುತ್ತೇನೆ ಎನ್ನುತ್ತಾರೆ; ಹಿರಿಯರು ತೀರಿಕೊಂಡರು, ಜಿನೈಕ್ಯರಾದರು ಎನ್ನುತ್ತಾರೆ. ಇವುಗಳಿಂದ ಯಾವ ವಿಷಯವೂ ಮರೆಯಾಗುವುದಿಲ್ಲ. ಕೇಳುವವರ ನೋವು ಮಾತ್ರ ಕಡಿಮೆಯಾಗುತ್ತದೆ. ಆದರೆ ಮಾಡಿದ ಕೃತ್ಯವನ್ನು ನೋಡಲು ಅಂಜಿ ಅದರ ಮೇಲೆ ಹೊದಿಸಿದ ಮೃದುಪದ ಬೇರೆಯೇ ಜಾತಿಯದು. ಇಂಗ್ಲಿಷ್ ಲೇಖಕ ಜಾರ್ಜ್ ಆರ್ವೆಲ್ 1946ರ ಒಂದು ಪ್ರಬಂಧದಲ್ಲಿ, ಹಳ್ಳಿಗಳ ಮೇಲೆ ಬಾಂಬು ಸುರಿಸುವುದನ್ನು ಸರ್ಕಾರಗಳು ಶಾಂತಿಸ್ಥಾಪನೆಯೆಂದು ಕರೆಯುವ ಬಗೆಯನ್ನು ತೋರಿಸಿದರು. 1991ರ ಕೊಲ್ಲಿ ಯುದ್ಧದಲ್ಲಿ ಸೈನಿಕರಲ್ಲದ ಜನರ ಸಾವಿಗೆ ‘ಕೊಲ್ಯಾಟರಲ್ ಡ್ಯಾಮೇಜ್’ ಎಂಬ ಹೆಸರು ಪತ್ರಿಕೆಗಳಲ್ಲೆಲ್ಲ ಕಾಣಿಸಿಕೊಂಡಿತು. ಪಕ್ಕದಲ್ಲಿ ಆದ ಹಾನಿ ಎಂದಷ್ಟೇ ಅದರ ಅರ್ಥ. ಸತ್ತವರು ಮನುಷ್ಯರೆಂಬುದು ಆ ಪದದಲ್ಲಿ ಎಲ್ಲಿಯೂ ಇಲ್ಲ.

ಅಹಿಂಸೆಯನ್ನು ಪರಮಧರ್ಮವೆಂದು ಬಗೆದವರು ಈ ಪಾಠವನ್ನು ವಿಶೇಷವಾಗಿ ಗಮನಿಸಬೇಕು. ಇಂಗ್ಲಿಷಿನಲ್ಲಿ ಹಟ್ಟಿಯಲ್ಲಿರುವ ಪ್ರಾಣಿಗೆ ಒಂದು ಹೆಸರು, ತಟ್ಟೆಗೆ ಬಂದ ಮಾಂಸಕ್ಕೆ ಮತ್ತೊಂದು ಹೆಸರು: ಕೌ ಬೀಫ್ ಆಗುತ್ತದೆ, ಶೀಪ್ ಮಟನ್ ಆಗುತ್ತದೆ, ಪಿಗ್ ಪೋರ್ಕ್ ಆಗುತ್ತದೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಆ ಭಾಷೆಗೆ ಬಂದ ಫ್ರೆಂಚ್ ಮೂಲದ ಪದಗಳಿವು. ಯಾರೂ ಮೋಸಮಾಡಲೆಂದು ಕಟ್ಟಿದವಲ್ಲ. ಆದರೂ ಪದ ಬೇರೆಯಾದಾಗ ಪ್ರಾಣಿ ಕಣ್ಣಿನಿಂದ ಮರೆಯಾಗುವುದು ಸುಲಭ. ಕನ್ನಡದಲ್ಲಿಯೂ ಬೆಳೆಯ ಮೇಲಿನ ಹುಳುಗಳನ್ನು ಕೊಲ್ಲುವ ವಿಷಕ್ಕೆ ಔಷಧವೆಂದೇ ಹೆಸರು. ಔಷಧ ಹೊಡೆಯಿತು ಎಂದಾಗ ಯಾರೋ ವಾಸಿಯಾದಂತೆ ಕೇಳಿಸುತ್ತದೆ. ಅದಕ್ಕೆ ಹೋಲಿಸಿದರೆ ಇಲಿಪಾಷಾಣ ಎಂಬ ಹೆಸರು ಪ್ರಾಮಾಣಿಕವಾದುದು. ಕೃಷಿಯಲ್ಲಿ ಗೃಹಸ್ಥನಿಗೆ ಉದ್ಯೋಗೀ ಹಿಂಸೆ ಅನಿವಾರ್ಯವಾಗಬಹುದು. ಶಾಸ್ತ್ರವೂ ಆ ಕಷ್ಟವನ್ನು ಬಲ್ಲದು. ಆದರೆ ಅನಿವಾರ್ಯವಾದ ಹಿಂಸೆಯನ್ನು ಹಿಂಸೆಯೆಂದು ಅರಿತವನಿಗೆ ಮಾತ್ರ ಅದನ್ನು ಕಡಿಮೆಮಾಡುವ ಯತ್ನ ಸಾಧ್ಯ.

ಮನೆಯೊಳಗಿನ ಉದಾಹರಣೆಯನ್ನೂ ಬಿಡಬಾರದು. 1961ರ ಕಾಯಿದೆ ವರದಕ್ಷಿಣೆಯನ್ನು ನಿಷೇಧಿಸಿತು. ಮಾತುಕತೆಗೆ ಕುಳಿತವರು ಆ ಪದವನ್ನು ಬಿಟ್ಟು ವರೋಪಚಾರ ಎಂದರು, ಹುಡುಗಿಗೆ ನಿಮ್ಮ ಇಷ್ಟದಂತೆ ಎಂದರು. ಕೊಡುವವನ ಸಾಲದ ಪತ್ರದಲ್ಲಿ ಮೊತ್ತವೇನೂ ಬದಲಾಗಲಿಲ್ಲ. ಮಗುವಿಗೆ ಯೂಫೆಮಿಸಮ್‌ಗೆ ಉದಾಹರಣೆ ಬೇಕಾದರೆ ಪಠ್ಯಪುಸ್ತಕವನ್ನೇ ತೆರೆಯಬೇಕಾಗಿಲ್ಲ.

ಮೂರನೆಯದು ಕ್ರೋಧ. ಷೇಕ್ಸ್‌ಪಿಯರನ ‘ಜೂಲಿಯಸ್ ಸೀಸರ್’ ನಾಟಕದಲ್ಲಿ ಮಾರ್ಕ್ ಆಂಟನಿಯ ಭಾಷಣವನ್ನು ಇಂಗ್ಲಿಷ್ ತರಗತಿಗಳಲ್ಲಿ ವಾಗ್ಮಿತೆಯ ಮಾದರಿಯೆಂದು ಓದಿಸುತ್ತಾರೆ. ಸೀಸರನ ಕೊಲೆಗಾರರನ್ನು ನಿಂದಿಸಬಾರದೆಂಬ ಷರತ್ತಿನ ಮೇಲೆ ಬ್ರೂಟಸ್ ಅವನಿಗೆ ಮಾತನಾಡಲು ಅನುಮತಿ ಕೊಟ್ಟಿದ್ದಾನೆ. ಆಂಟನಿ ಆ ಷರತ್ತನ್ನು ಮೊದಮೊದಲು ಅಕ್ಷರಶಃ ಮೀರುವುದಿಲ್ಲ. ಅವರನ್ನು ಮತ್ತೆ ಮತ್ತೆ ಗೌರವಸ್ಥರೆಂದೇ ಕರೆಯುತ್ತಾನೆ. ಪ್ರತಿ ಸಲವೂ ಆ ಪದದ ಅರ್ಥ ತಲೆಕೆಳಗಾಗುತ್ತಾ ಹೋಗುತ್ತದೆ. ಇದು ಐರನಿ. ನಡುನಡುವೆ, ಇದು ಅಧಿಕಾರದ ಆಸೆಯೇ ಎಂದು ಜನರನ್ನು ಕೇಳುತ್ತಾನೆ. ಇದು ರೆಟರಿಕಲ್ ಕ್ವೆಶ್ಚನ್, ಉತ್ತರವನ್ನು ಬಯಸದ ಪ್ರಶ್ನೆ.

ಜೈನಶಾಸ್ತ್ರದ ಭಾಷಾವಿಭಾಗ ಇಲ್ಲಿ ತುಂಬ ಉಪಯುಕ್ತವಾಗುತ್ತದೆ. ವಚನವು ಸತ್ಯ, ಅಸತ್ಯ, ಉಭಯ, ಅನುಭಯ ಎಂದು ನಾಲ್ಕು ಬಗೆ. ಕರೆಯುವುದು, ಆಜ್ಞಾಪಿಸುವುದು, ಬೇಡುವುದು, ಪ್ರಶ್ನಿಸುವುದು ಮುಂತಾದವು ಅನುಭಯವಚನಗಳು. ಅವು ಏನನ್ನೂ ಪ್ರತಿಪಾದಿಸದ ಕಾರಣ ಸತ್ಯವೆಂದಾಗಲಿ ಅಸತ್ಯವೆಂದಾಗಲಿ ಹೇಳುವಂತಿಲ್ಲ. ರೆಟರಿಕಲ್ ಕ್ವೆಶ್ಚನ್ ಅನುಭಯದ ವೇಷ ತೊಟ್ಟ ಪ್ರತಿಪಾದನೆ. ಹೇಳುವವನು ಹೇಳಬೇಕಾದುದನ್ನೆಲ್ಲ ಹೇಳುತ್ತಾನೆ. ಆಧಾರ ಕೇಳಿದರೆ, ಪ್ರಶ್ನೆ ಮಾತ್ರ ಕೇಳಿದೆ ಎನ್ನುತ್ತಾನೆ. ಊರಿನ ಸಭೆಗಳಲ್ಲಿ, ‘ಟ್ರಸ್ಟಿನ ಹಣ ಎಲ್ಲಿ ಹೋಯಿತೆಂದು ಯಾರಿಗೆ ತಾನೆ ಗೊತ್ತಿಲ್ಲ?’ ಎಂದು ಒಬ್ಬರು ಎದ್ದು ಕೇಳಿದಾಗ ಆಗುವುದೂ ಇದೇ. ಲೆಕ್ಕಪತ್ರದ ಬಗ್ಗೆ ನಿಜವಾದ ಪ್ರಶ್ನೆ ಕೇಳುವುದು ಸದಸ್ಯನ ಹಕ್ಕು. ಅದಕ್ಕೆ ಉತ್ತರ ಹೇಳುವುದು ಟ್ರಸ್ಟಿನ ಧರ್ಮ. ಉತ್ತರಕ್ಕೆ ಎಡೆಯನ್ನೇ ಬಿಡದ ಪ್ರಶ್ನೆ ಆಪಾದನೆಯಾಗಿದೆ.

ಆಂಟನಿಯ ಭಾಷಣದ ಫಲವನ್ನು ಷೇಕ್ಸ್‌ಪಿಯರ್ ಮುಂದಿನ ದೃಶ್ಯದಲ್ಲಿಯೇ ತೋರಿಸಿದ್ದಾನೆ. ಉದ್ರಿಕ್ತರಾದ ಜನರ ಗುಂಪು ಬೀದಿಯಲ್ಲಿ ಸಿನ್ನ ಎಂಬ ಕವಿಯನ್ನು ಹಿಡಿಯುತ್ತದೆ. ಪಿತೂರಿಗಾರರಲ್ಲಿಯೂ ಸಿನ್ನ ಎಂಬ ಹೆಸರಿನವನೊಬ್ಬನಿದ್ದ. ತಾನು ಆ ಸಿನ್ನನಲ್ಲ, ಕವಿ ಎಂದು ಅವನು ಗೋಗರೆದರೂ ಜನರು ಬಿಡದೆ ಹಿಂಸಿಸುತ್ತಾರೆ. ಹೆಸರು ಬರಿಯ ಹೆಸರು ಎಂಬ ನಾಮಸತ್ಯವನ್ನು ಕ್ರೋಧ ಅಳಿಸಿಹಾಕಿತು. ಭಾಷಣದಲ್ಲಿ ಅಲಂಕಾರಗಳನ್ನು ಗುರುತಿಸಿದ ವಿದ್ಯಾರ್ಥಿಗೆ ಈ ಕವಿಯ ಗತಿಯನ್ನೂ ಓದಿಸದಿದ್ದರೆ ಪಾಠ ಅರ್ಧವಾಗುತ್ತದೆ.

ನಾಲ್ಕನೆಯದು ಹಾಸ್ಯ. ಕವಿಯದೇ ಇನ್ನೊಂದು ನಾಟಕವಾದ ‘ದಿ ಮರ್ಚೆಂಟ್ ಆಫ್ ವೆನಿಸ್’ನಲ್ಲಿ ಷೈಲಾಕನು ವರ್ತಕ ಆಂಟೋನಿಯೊಗೆ 3000 ಡಕೆಟ್‌ಗಳನ್ನು ಮೂರು ತಿಂಗಳ ಅವಧಿಗೆ ಸಾಲವಾಗಿ ಕೊಡುತ್ತಾನೆ. ಗಡುವು ತಪ್ಪಿದರೆ ದೇಹದಿಂದ ಒಂದು ಪೌಂಡ್ ಮಾಂಸ ಕೊಡಬೇಕೆಂಬ ಷರತ್ತನ್ನು ಅವನು ಸೇರಿಸುವುದು ವಿನೋದದ ಹೆಸರಿನಲ್ಲಿ. ಆಂಟೋನಿಯೊ ಅದನ್ನು ಹಗುರವಾಗಿ ತೆಗೆದುಕೊಂಡು ರುಜು ಹಾಕುತ್ತಾನೆ. ಹಡಗುಗಳು ಬಾರದೆ ಹೋದಾಗ ವಿನೋದ ಕತ್ತಿಯಾಗಿ ನಿಲ್ಲುತ್ತದೆ. ಅಲಂಕಾರ ಬೇಡ, ಅಕ್ಷರಾರ್ಥವೇ ಸತ್ಯ ಎನ್ನುವವರು ಷೈಲಾಕನನ್ನು ನೋಡಬೇಕು. ಅವನ ಪತ್ರದಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಅದರಷ್ಟು ಹಿಂಸಾತ್ಮಕವಾದ ಪತ್ರವೂ ಇನ್ನೊಂದಿಲ್ಲ.

ಆ ನ್ಯಾಯಸಭೆಯಲ್ಲಿ ವಕೀಲನ ವೇಷದ ಪೋರ್ಷಿಯಾ ದಯೆಯನ್ನು ಆಕಾಶದಿಂದ ಸುರಿಯುವ ಮೆಲುಮಳೆಗೆ ಹೋಲಿಸುತ್ತಾಳೆ. ಕರ್ನಾಟಕದ ಹತ್ತನೆಯ ತರಗತಿಯ ಇಂಗ್ಲಿಷ್ ಪಠ್ಯದಲ್ಲಿಯೂ ಆ ಭಾಗ ಬಂದಿತ್ತು. ಉಪಮೆ ಯೋಗ್ಯವಾದುದು, ಮಳೆಯಂತೆ ದಯೆಯೂ ಬಲವಂತದಿಂದ ಬರುವುದಲ್ಲ, ಪಾತ್ರಾಪಾತ್ರವೆಣಿಸದೆ ಬೀಳುವಂಥದು. ಆದರೆ ಮೊಕದ್ದಮೆ ತಿರುಗಿ ಷೈಲಾಕನೇ ಸಿಕ್ಕಿಬಿದ್ದಾಗ ಅವನಿಗೆ ದೊರೆತದ್ದೇನು? ಪ್ರಾಣ ಉಳಿಯಿತು; ಜೊತೆಗೆ ತನ್ನ ಮತವನ್ನು ಬಿಟ್ಟು ಕ್ರೈಸ್ತನಾಗಬೇಕೆಂಬ ಷರತ್ತೂ ಬಂದಿತು. ದಯೆಯನ್ನು ಅಷ್ಟು ಸುಂದರವಾಗಿ ಹಾಡಿದವಳು ಅದನ್ನು ತಡೆಯಲಿಲ್ಲ. ಸಿಮಿಲಿ ಎಂದು ಬರೆದ ಉತ್ತರಕ್ಕೆ ಅಂಕ ಸಲ್ಲುತ್ತದೆ. ಆ ಮಳೆ ಷೈಲಾಕನ ಮೇಲೆ ಎಷ್ಟು ಬಿದ್ದಿತು ಎಂಬ ಪ್ರಶ್ನೆಯನ್ನು ಮನೆಯಲ್ಲಾದರೂ ಕೇಳಬೇಕು.

ಹೀಗೆ ಎಲ್ಲವನ್ನೂ ತೂಗಿ ನೋಡಿದರೆ ಕಾವ್ಯದ ಸ್ವಾರಸ್ಯವೇ ಕೆಡುವುದಿಲ್ಲವೇ ಎಂದು ಆಕ್ಷೇಪಿಸಬಹುದು. ತೂಗುವುದು ಕಾವ್ಯವನ್ನಲ್ಲ, ಕಷಾಯವನ್ನು. ಪಂಪ, ರನ್ನರ ಕಾವ್ಯಗಳಲ್ಲಿ ಉಪಮೆ ರೂಪಕಗಳು ತುಂಬಿವೆ. ಅವುಗಳಿಂದ ಯಾರೂ ವಂಚಿತರಾಗಲಿಲ್ಲ. ಅನುವೀಚಿಭಾಷಣ ಮೌನವನ್ನು ವಿಧಿಸುವುದಿಲ್ಲ. ವಿಚಾರಿಸಿ ಆಡು ಎನ್ನುತ್ತದೆ, ಅಷ್ಟೇ.

ಇದಕ್ಕೆ ದೊಡ್ಡ ಏರ್ಪಾಡು ಬೇಕಾಗಿಲ್ಲ. ಮಕ್ಕಳ ಇಂಗ್ಲಿಷ್ ನೋಟುಪುಸ್ತಕದಲ್ಲಿ ಅಲಂಕಾರದ ಹೆಸರಿಗೆ ಒಂದು ಅಂಕಣ, ಉದಾಹರಣೆಗೆ ಒಂದು ಅಂಕಣ ಇರುತ್ತದೆ. ತಂದೆತಾಯಿಗಳು ಅದರ ಪಕ್ಕದಲ್ಲಿ ಮೂರನೆಯ ಅಂಕಣವೊಂದನ್ನು ಎಳೆಸಬಹುದು: ಯಾರು ಯಾರಿಗೆ ಹೇಳಿದರು, ಕೇಳಿದವರಿಗೆ ಅದು ಅಲಂಕಾರವೆಂದು ತಿಳಿದಿತ್ತೇ, ಅದರಿಂದ ಯಾವ ಜೀವಕ್ಕಾದರೂ ನೋವಾಯಿತೇ. ಬಸದಿಯ ಪಾಠಶಾಲೆಯಲ್ಲಿ ದಶವಿಧ ಸತ್ಯವನ್ನು ಬಾಯಿಪಾಠ ಮಾಡಿಸುವವರು ಶಾಲೆಯ ಈ ಪಟ್ಟಿಯನ್ನೇ ಎದುರಿಗಿಟ್ಟುಕೊಂಡರೆ, ಕಷ್ಟವೆನಿಸುವ ಶಾಸ್ತ್ರಭಾಗ ಮಕ್ಕಳಿಗೆ ತಮ್ಮದೆನಿಸುತ್ತದೆ.

ಟ್ರಸ್ಟುಗಳೂ ತಮ್ಮ ವಿಜ್ಞಾಪನಾಪತ್ರಗಳನ್ನು ಈ ಅಂಕಣದಲ್ಲಿಟ್ಟು ನೋಡಬೇಕು. ಗೋಡೆಯ ಗಾರೆ ಉದುರಿದ್ದರೆ ಬಸದಿ ಇಂದೋ ನಾಳೆಯೋ ಕುಸಿಯಲಿದೆ ಎಂದು ಬರೆಯಬೇಕಾಗಿಲ್ಲ. ಇಷ್ಟು ಕೊಟ್ಟರೆ ಕೋಟಿಪಾಲು ಪುಣ್ಯ ಎಂದು ಅಚ್ಚುಹಾಕಿದಾಗ ಸಿರಿವಂತ ದಾನಿ ಅದನ್ನು ಮಾತಿನ ರೂಢಿಯೆಂದು ಓದಿಕೊಳ್ಳುತ್ತಾನೆ. ಒಂಟಿ ಹೆಂಗಸೊಬ್ಬಳು ಅಕ್ಷರಶಃ ನಂಬಿ ತನ್ನ ಔಷಧದ ಹಣವನ್ನು ತಂದುಕೊಟ್ಟರೆ ಆ ಪಾಪಕ್ಕೆ ಹೊಣೆ ಯಾರು? ಪತ್ರ ಅಚ್ಚಿಗೆ ಹೋಗುವ ಮುನ್ನ ಅಂಥವರೊಬ್ಬರನ್ನು ಮನಸ್ಸಿನಲ್ಲಿಟ್ಟುಕೊಂಡು ಒಮ್ಮೆ ಓದಿ, ಬೇಕಾದ ಹಣವೆಷ್ಟು, ಅದು ಯಾವ ಕೆಲಸಕ್ಕೆ ಎಂಬುದನ್ನು ಅಂಕಿಗಳಲ್ಲಿ ಸ್ಪಷ್ಟವಾಗಿ ನಮೂದಿಸಲಿ. ಅನಂತರ ಬೇಕಾದರೆ ಒಂದು ಉಪಮೆಯೂ ಇರಲಿ.